ಗಾಳಿ, ಕಿಚ್ಚು ಮತ್ತು ಮಣ್ಣಿನ ಮಾಳಿಗೆ

ಬಡಗಣಕ್ಕೆ ಭೀಮೆ, ತೆಂಕಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಮೂರು ಹೊಳೆಗಳ ಸೀಮೆಯಲ್ಲಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂಬ ನಾಲ್ಕು ತಾಲೂಕುಗಳು ಹರಡಿಕೊಂಡಿವೆ. ಈಚಿನ ವರ್ಷಗಳಲ್ಲಿ ಇವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ನಿಡಗುಂದಿ, ಕೋಲ್ಹಾರ, ತಾಳಿಕೋಟೆ ಎಂಬ ಹೊಸ ತಾಲೂಕುಗಳು ಒಡೆದು ಬೇರೆಯಾಗಿವೆ. ಆದರೆ ಗಾಳಿಯು ಕಚೇರಿಯ ಎಲ್ಲೆಗಳನ್ನು ಕೇಳಿ ಬೀಸುವದಿಲ್ಲವಾದುದರಿಂದ ಹಳೆಯ ನಾಲ್ಕು ಹೆಸರುಗಳೇ ಇಲ್ಲಿ ಸಾಕು. ಜಿಲ್ಲೆಯ ಹೆಸರೂ ೨೦೧೪ರ ನವೆಂಬರದಿಂದ ವಿಜಯಪುರವೆಂದಾಗಿದೆ. ಹಳೆಯ ಸಂಗತಿಗಳನ್ನು ಹೇಳುವಾಗ ಹಳೆಯ ಹೆಸರು ಬಂದರೆ ವಾಚಕರು ಮನ್ನಿಸಬೇಕು.

ಕಣ್ಣು ಹರಿದಷ್ಟು ದೂರ ಎರೆಯ ಹೊಲ, ನಡುನಡುವೆ ಮಡ್ಡಿ, ಅಲ್ಲಲ್ಲಿ ಬೇವು ಜಾಲಿಗಳು. ಗಾಳಿಗೆ ಅಡ್ಡ ನಿಲ್ಲುವ ಬೆಟ್ಟವಾಗಲಿ ದಟ್ಟಡವಿಯಾಗಲಿ ಈ ಸೀಮೆಯಲ್ಲಿ ಇಲ್ಲ. ಹಿಮ ಬೀಳುವ ದೇಶಗಳಲ್ಲಿ ಜನರು ಹಿಮದ ಬಿರುಗಾಳಿಗೆ ಅಂಜುವರು. ಅಡವಿಯುಳ್ಳ ನಾಡುಗಳಲ್ಲಿ ಕಾಳ್ಗಿಚ್ಚಿಗೆ ಅಂಜುವರು. ೨೦೧೯ರ ಫೆಬ್ರುವರಿಯಲ್ಲಿ ಬಂಡೀಪುರದ ಅಡವಿಯು ಉರಿದಾಗ ಕನ್ನಡನಾಡೆಲ್ಲ ಮರುಗಿತು. ಈ ಬಯಲಿಗೆ ಅವೆರಡೂ ಇಲ್ಲವೆಂದು ಯಾರಾದರೂ ನೆಮ್ಮದಿಪಟ್ಟರೆ ಅದು ತಪ್ಪು. ಹಿಮದ ಬದಲು ಇಲ್ಲಿ ಆಲಿಕಲ್ಲು ಬೀಳುವದು. ಅಡವಿಯ ಬದಲು ಇಲ್ಲಿ ಬಣವೆ ಉರಿಯುವದು. ಇವೆರಡಕ್ಕೂ ತಾಯಿ ಗಾಳಿಯೇ.

ವಿಚಿತ್ರವೆಂದರೆ ಈ ಗಾಳಿಯನ್ನು ಒಕ್ಕಲಿಗನು ಕಾದು ಕುಳಿತು ಕರೆಯುತ್ತಿದ್ದನು. ಹಿಂಗಾರಿಯ ಬಿಳಿಜೋಳವು ಮಾಘ ಫಾಲ್ಗುಣಗಳಲ್ಲಿ ಕೊಯ್ಲಿಗೆ ಬರುವದು. ಕಣ ಮಾಡಿ, ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವ ಹಂತಿಯೂ, ಆ ಇರುಳುಗಳಲ್ಲಿ ಹಾಡುತ್ತಿದ್ದ ಹಂತಿಯ ಪದಗಳೂ ಈ ಸೀಮೆಯ ಸಂಪತ್ತು. ತುಳಿದಾದ ಮೇಲೆ ಕಾಳನ್ನು ಹೊಟ್ಟಿನಿಂದ ಬೇರ್ಪಡಿಸಲು ಗಾಳಿ ಬೇಕು. ಎತ್ತರದಲ್ಲಿ ನಿಂತು ಮೊರದಿಂದ ತೂರುವವನು ಗಾಳಿ ಬರುವ ತನಕ ಕೈಕಟ್ಟಿ ಕಾಯಬೇಕು. ಹೀಗೆ ಬೇಡಿಕೊಂಡು ಬಂದ ಗಾಳಿಯೇ ಅದೇ ಹೊತ್ತಿನಲ್ಲಿ ಯಾರದೋ ಬೀಡಿಯ ಕಿಡಿಯನ್ನು ಹೊಟ್ಟಿನ ಗುಡ್ಡೆಗೆ ಒಯ್ಯಬಲ್ಲದು. ವರುಷದ ಅನ್ನವೂ ದನಗಳ ವರುಷದ ಮೇವೂ ಒಂದೇ ಬಯಲಿನಲ್ಲಿ ಒಣಗಿ ನಿಂತಿರುವ ಆ ಎರಡು ತಿಂಗಳೇ ಈ ಸೀಮೆಯ ಅತ್ಯಂತ ಅಪಾಯದ ಕಾಲ.

ಇಲ್ಲಿಯ ಗಾಳಿಗಳಲ್ಲಿ ಎರಡು ಬಗೆ. ಒಂದು ಆಷಾಢದ ಗಾಳಿ. ಮುಂಗಾರಿಯು ನೆಲೆಗೊಂಡ ಮೇಲೆ ಪಡುವಣದಿಂದ ದಿನಗಟ್ಟಲೆ ಒಂದೇ ಸಮನೆ ಬೀಸುವ ಇದು ಬೇಸರ ತರುವದೇ ಹೊರತು ಪ್ರಾಣಕ್ಕೆ ಮುಳುವಾಗುವದು ವಿರಳ. ಇನ್ನೊಂದು ಚೈತ್ರ ವೈಶಾಖಗಳ ಬಿರುಗಾಳಿ. ಅಡ್ಡಮಳೆಯ ಜೊತೆಗೆ ಬರುವ ಈ ಗಾಳಿಯು ಅರ್ಧ ಗಂಟೆಯಲ್ಲಿ ಬಂದು ಹೋಗುವದು. ಆದರೆ ಆ ಅರ್ಧ ಗಂಟೆಯಲ್ಲಿ ಮಾಡಬಾರದ್ದನ್ನೆಲ್ಲ ಮಾಡಿ ಹೋಗುವದು. ಮಧ್ಯಾಹ್ನದ ತನಕ ಎಲೆಯಲುಗದ ಬೇಗೆ. ಇಳಿಹೊತ್ತಿಗೆ ಕಪ್ಪಾದ ಮೋಡದ ಗೋಪುರ. ಅದರ ಮುಂದೆ ಕೆಂಧೂಳಿಯ ಗೋಡೆ. ಆಮೇಲೆ ತಂಪಾದ ಒಂದು ಹೊಡೆತ. ಇದರ ಕಾರಣವು ಸರಳವಾಗಿದೆ. ಮೇಲಿನ ಮೋಡದಿಂದ ಬೀಳುವ ಮಳೆಹನಿಗಳು ಕೆಳಗಿನ ಒಣಗಾಳಿಯಲ್ಲಿ ಆವಿಯಾಗುವಾಗ ಆ ಗಾಳಿಯ ಬಿಸಿಯನ್ನು ಹೀರಿಕೊಳ್ಳುವವು. ತಂಪಾದ ಗಾಳಿ ಭಾರವಾಗಿ ನೆಲಕ್ಕೆ ಅಪ್ಪಳಿಸಿ ಎಲ್ಲ ಕಡೆಗೂ ಚೆಲ್ಲುವದು, ಕೊಡದಿಂದ ಸುರಿದ ನೀರು ಅಂಗಳದಲ್ಲಿ ಹರಡಿದಂತೆ. ನೆಲದ ಗಾಳಿ ಎಷ್ಟು ಒಣಗಿರುವದೋ ಹೊಡೆತವೂ ಅಷ್ಟು ಬಿರುಸು. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ, ಗಾಳಿಯು ತಟ್ಟನೆ ಹೆಚ್ಚಿ ಗಂಟೆಗೆ ೪೦ ಕಿಲೋಮೀಟರಿಗಾದರೂ ಮುಟ್ಟಿ, ಒಂದು ನಿಮಿಷವಾದರೂ ನಿಂತರೆ ಅದು ಬಿರುಗಾಳಿ. ಅಳೆಯುವ ಯಂತ್ರವಿಲ್ಲದವರು ಮರವನ್ನು ನೋಡಿದರೆ ಸಾಕು. ೧೮೦೫ರಲ್ಲಿ ಬೋಫರ್ಟನೆಂಬ ಆಂಗ್ಲ ನೌಕಾಧಿಕಾರಿಯು ಹಾಕಿದ, ಮುಂದೆ ನೆಲದ ಗುರುತುಗಳಿಗೂ ಹೊಂದಿಸಿದ ಕ್ರಮದ ಪ್ರಕಾರ, ತಂತಿಗಳು ಸಿಳ್ಳು ಹಾಕಿದರೆ ಗಾಳಿಯು ೪೦ರ ಮೇಲಿರುವದು. ಎಳೆಯ ರೆಂಬೆಗಳು ಮುರಿದು ನಡೆಯುವದು ಕಷ್ಟವಾದರೆ ೬೨ರ ಮೇಲೆ. ಮರವು ಬೇರುಸಹಿತ ಬಿದ್ದರೆ ೮೯ರ ಮೇಲೆ.

ಗಾಳಿಯ ಬಗ್ಗೆ ನಮ್ಮ ಪ್ರಾಚೀನರು ಬರೆದಿಲ್ಲವೆಂದಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾತಚಕ್ರವೆಂಬ ಒಂದು ಅಧ್ಯಾಯವೇ ಉಂಟು. ಆಷಾಢದ ಹುಣ್ಣಿಮೆಯ ಸಂಜೆಗೆ ಗಾಳಿಯು ಯಾವ ದಿಕ್ಕಿನಿಂದ ಬೀಸುವದೆಂಬುದನ್ನು ನೋಡಿ ಮುಂದಿನ ಬೆಳಸನ್ನು ಹೇಳುವ ವಿಧಾನವದು. ಧೂಳಿಯ ಲಕ್ಷಣವನ್ನೂ ಸಿಡಿಲಿನ ಆರ್ಭಟದ ಲಕ್ಷಣವನ್ನೂ ಆತನು ಬೇರೆ ಅಧ್ಯಾಯಗಳಲ್ಲಿ ಹೇಳಿರುವನು. ಆದರೆ ಇವೆಲ್ಲ ಶಕುನದ ಮಾತುಗಳು. ಗಾಳಿಯು ಮುಂದೇನು ತರುವದೆಂಬ ವಿಚಾರ ಅಲ್ಲಿರುವದೇ ಹೊರತು, ಗಾಳಿ ಬಂದಾಗ ಮನುಷ್ಯನು ಏನು ಮಾಡಬೇಕೆಂಬುದು ಅಲ್ಲಿಲ್ಲ.

ಆ ಮಾತು ಇರುವದು ಕೌಟಿಲ್ಯನಲ್ಲಿ. ಕಳೆದುಹೋಗಿತ್ತೆಂದು ಲೋಕವೇ ಕೈಬಿಟ್ಟಿದ್ದ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಓಲೆಗರಿಗಳಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚುಹಾಕಿಸಿದ ಕೀರ್ತಿಯು ಆರ್. ಶಾಮಶಾಸ್ತ್ರಿಗಳದು. ಆ ಗ್ರಂಥವನ್ನು ರಾಜನೀತಿಗಾಗಿ ಓದುವವರು ಬಹಳ. ಅದರಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವನ್ನು ಮನೆವಾರ್ತೆಗಾಗಿ ಓದುವವರು ಕಡಮೆ. ಬೇಸಗೆಯಲ್ಲಿ ಹಗಲನ್ನು ನಾಲ್ಕು ಪಾಲು ಮಾಡಿದರೆ ನಡುವಿನ ಎರಡು ಪಾಲಿನಲ್ಲಿ ಒಲೆ ಹೊತ್ತಿಸಕೂಡದೆಂದು ಅಲ್ಲಿ ವಿಧಿಯುಂಟು. ಮೀರಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡ. ಅಡಿಗೆ ಮಾಡಲೇಬೇಕಾದರೆ ಮನೆಯ ಹೊರಗೆ ಮಾಡಬೇಕು. ಪ್ರತಿ ಮನೆಯವರೂ ನೀರಿನ ಕೊಡಗಳು, ದೋಣಿಯಂಥ ನೀರತೊಟ್ಟಿ, ಏಣಿ, ಕೊಡಲಿ, ಮೊರ, ಕೊಕ್ಕೆ, ಹುಲ್ಲು ಹೊದಿಕೆಯನ್ನು ಹಿಡಿದೆಳೆಯುವ ಸಾಧನ, ತೊಗಲಿನ ಚೀಲ ಇವುಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಹುಲ್ಲು ಚಾಪೆಗಳ ಹೊದಿಕೆಯನ್ನು ತೆಗೆಯಿಸಬೇಕು. ಬೆಂಕಿಯಿಂದ ಜೀವಿಸುವ ಕಮ್ಮಾರಾದಿಗಳು ಒಂದೇ ಕಡೆ ಇರಬೇಕು. ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ಬಾಗಿಲುಗಳಲ್ಲಿಯೂ ನೀರಿನ ಪಾತ್ರೆಗಳನ್ನು ಸಾಲುಗಟ್ಟಿ ಇಡಿಸಬೇಕು. ಉರಿಯುವ ಮನೆಯನ್ನು ಕಂಡೂ ಓಡಿಬಾರದ ಮನೆಯೊಡೆಯನಿಗೆ ಹನ್ನೆರಡು ಪಣ, ಬಾಡಿಗೆಯವನಿಗೆ ಆರು ಪಣ ದಂಡ. ಎಚ್ಚರಗೇಡಿತನದಿಂದ ಬೆಂಕಿ ತಗುಲಿಸಿದವನಿಗೆ ಐವತ್ತುನಾಲ್ಕು ಪಣ. ಒಡೆಯನಿಗೂ ಬಾಡಿಗೆಯವನಿಗೂ ದಂಡದಲ್ಲಿ ಇಟ್ಟ ಭೇದವು ಗಮನಿಸತಕ್ಕದ್ದು: ಕಳೆದುಕೊಳ್ಳುವವನು ಮೊದಲು ಓಡಬೇಕೆಂಬ ಲೋಕಾನುಭವ ಅದರಲ್ಲಿದೆ.

ಉದ್ದೇಶಪೂರ್ವಕವಾಗಿ ಕಿಚ್ಚಿಕ್ಕುವವನ ಮಾತು ಬೇರೆ. ಯಾಜ್ಞವಲ್ಕ್ಯಸ್ಮೃತಿಯು ಹೊಲ, ಮನೆ, ಅಡವಿ, ಊರು, ಹುಲ್ಲುಗಾವಲು ಇವುಗಳ ಸಾಲಿನಲ್ಲಿಯೇ ಕಣವನ್ನೂ ಸೇರಿಸಿ, ಇವಕ್ಕೆ ಬೆಂಕಿಯಿಟ್ಟವನನ್ನು ಹುಲ್ಲುಬೆಂಕಿಯಲ್ಲಿಯೇ ಸುಡಬೇಕೆಂದು ಹೇಳುವದು. ಆ ಸ್ಮೃತಿಗೆ ಮಿತಾಕ್ಷರವೆಂಬ ಜಗತ್ಪ್ರಸಿದ್ಧ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದುದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅರ್ಥಾತ್ ೧೦೭೬ರಿಂದ ೧೧೨೬ರೊಳಗೆ. ಸಿಂದಗಿ ಬಾಗೇವಾಡಿಗಳು ಆಗ ಆ ಅರಸನ ರಾಜ್ಯದೊಳಗಿನವೇ. ದಂಡವು ಇಂದಿನ ಮನಸ್ಸಿಗೆ ಒಪ್ಪುವಂಥದಲ್ಲ. ಆದರೆ ಕಣವೊಂದು ಉರಿದರೆ ಒಂದು ಊರು ಉರಿದಂತೆಯೇ ಎಂದು ತಿಳಿದ ಕಾಲವದೆಂಬುದು ಇದರಿಂದ ಸ್ಪಷ್ಟವಾಗುವದು.

ಶಾಸ್ತ್ರವು ಹೇಳಿದ್ದನ್ನು ಈ ಸೀಮೆಯ ಒಕ್ಕಲಿಗನು ಓದಿದವನಲ್ಲ. ಆದರೂ ಅವನ ಊರಿನ ಕಟ್ಟಡವನ್ನು ನೋಡಿದರೆ ಓದಿಯೇ ಕಟ್ಟಿದಂತೆ ತೋರುವದು. ೧೮೮೪ರಲ್ಲಿ ಮುಂಬಯಿ ಸರಕಾರದವರು ಪ್ರಕಟಿಸಿದ ವಿಜಾಪುರ ಜಿಲ್ಲೆಯ ಗ್ಯಾಝೆಟಿಯರಿನಲ್ಲಿಯೂ ಇಲ್ಲಿಯ ಚಪ್ಪಟೆ ಮಾಳಿಗೆಯ ಮನೆಗಳ ಉಲ್ಲೇಖವುಂಟು. ಕಲ್ಲು ಮಣ್ಣಿನ ದಪ್ಪ ಗೋಡೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಒತ್ತು, ಅದರ ಮೇಲೆ ಬೇವಿನ ಸೊಪ್ಪು, ಎಲ್ಲದರ ಮೇಲೆ ಗೇಣಿಗೂ ಮೀರಿ ಮಣ್ಣು. ನೀರು ಇಂಗದಂತೆ ಕರಲುಮಣ್ಣನ್ನು ಹುಡುಕಿ ತಂದು ಹೊದಿಸಿ ವರುಷಕ್ಕೊಮ್ಮೆ ಮುದ್ದೆ ಬಡಿಯುವರು. ನೆತ್ತಿಯಲ್ಲಿ ಒಂದು ಬೆಳಕಿಂಡಿ, ಗೋಡೆಯಲ್ಲಿ ಕಿಟಕಿಗಳು ಇದ್ದರೂ ಇಲ್ಲದಂತೆ. ಹೊಸಬರು ಇದನ್ನು ಕತ್ತಲೆಯ ಮನೆಯೆಂದು ಹಳಿಯುವರು. ಆದರೆ ಬಿರುಗಾಳಿಗೆ ಈ ಮನೆಯಲ್ಲಿ ಹಿಡಿದೆತ್ತಲು ಏನೂ ಸಿಕ್ಕುವದಿಲ್ಲ. ಚಾಚಿದ ಸೂರಿಲ್ಲ, ಹಾರುವ ಹೊದಿಕೆಯಿಲ್ಲ. ಹಾರಿ ಬಂದ ಕಿಡಿಯು ಮಾಳಿಗೆಯ ಮೇಲೆ ಬಿದ್ದರೆ ಮಣ್ಣಿನಲ್ಲಿಯೇ ಸತ್ತುಹೋಗುವದು.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಸಿಟ್ಟನ್ನು ಮನೆಯೊಳಗಿನ ಕಿಚ್ಚಿಗೆ ಹೋಲಿಸಿ, ಅದು ನೆರೆಮನೆಯನ್ನು ಮುಟ್ಟುವ ಮೊದಲು ತನ್ನ ಮನೆಯನ್ನೇ ಸುಡುವದೆಂಬ ಅರ್ಥದ ಮಾತನ್ನು ಹೇಳಿರುವರು. ಅದರ ತಾತ್ಪರ್ಯವನ್ನು ಎಲ್ಲರೂ ಬಲ್ಲರು. ಆದರೆ ಹೋಲಿಕೆಯ ಹಿಂದಿರುವ ಮನೆಯನ್ನು ಸ್ವಲ್ಪ ನೋಡಬೇಕು. ಹುಲ್ಲು ಹೊದಿಸಿದ ಗುಡಿಸಲುಗಳ ಕೇರಿಯಲ್ಲಿ ಗಾಳಿ ಬೀಸುವಾಗ ಕಿಚ್ಚು ಹುಟ್ಟಿದರೆ, ಹುಟ್ಟಿದ ಮನೆ ಬೇಯುವ ಮೊದಲೇ ನಾಲ್ಕನೆಯ ಮನೆ ಹತ್ತಿಕೊಂಡಿರುವದು. ಒಳಗಿನ ಬೆಂಕಿ ಒಳಗನ್ನೇ ಮೊದಲು ತಿನ್ನುವದು ಮಣ್ಣುಗೋಡೆಯ ಮಾಳಿಗೆ ಮನೆಯಲ್ಲಿ. ಇದು ಊಹೆಯ ಮಾತು, ಹೆಚ್ಚು ಎಳೆಯತಕ್ಕದ್ದಲ್ಲ. ಆದರೂ ಈ ನೆಲದವರಿಗೆ ಆ ಹೋಲಿಕೆಯು ಸಹಜವಾಗಿ ಹೊಂದುವದರಲ್ಲಿ ಸಂಶಯವಿಲ್ಲ.

ಊರೊಳಗೆ ಕಟ್ಟಿಗೆಯ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ ರಾಜಧಾನಿಗಳ ಗತಿ ಏನಾಯಿತೆಂಬುದಕ್ಕೆ ಲಂಡನ್ನಿನ ಉದಾಹರಣೆ ಸಾಕು. ೧೬೬೬ರ ಸೆಪ್ಟೆಂಬರದಲ್ಲಿ ಒಂದು ರೊಟ್ಟಿಯಂಗಡಿಯ ಒಲೆಯಿಂದ ಹುಟ್ಟಿದ ಬೆಂಕಿಯನ್ನು ಮೂಡಣ ಗಾಳಿಯು ನಾಲ್ಕು ದಿನ ಅಟ್ಟಿಕೊಂಡು ಹೋಗಿ ೧೩,೦೦೦ಕ್ಕೂ ಮಿಕ್ಕು ಮನೆಗಳನ್ನು ಸುಟ್ಟಿತು. ಮರುವರುಷವೇ ಅಲ್ಲಿಯ ಸರಕಾರವು ಇಟ್ಟಿಗೆ ಅಥವಾ ಕಲ್ಲಿನಿಂದಲೇ ಮನೆ ಕಟ್ಟಬೇಕೆಂದು ಕಾಯಿದೆ ಮಾಡಿತು. ಅದೇ ೧೬೬೬ರ ಆರಂಭದಲ್ಲಿ ಮೊಗಲರ ಸೇನಾಪತಿ ಜಯಸಿಂಹನು ವಿಜಾಪುರದ ಬಾಗಿಲಿನಿಂದ ಬರಿಗೈಯಲ್ಲಿ ಹಿಂದಿರುಗುತ್ತಿದ್ದನು. ಆದಿಲಶಾಹಿಯವರು ಪಟ್ಟಣದ ಸುತ್ತ ಆರು ಮೈಲಿಯ ನೆಲವನ್ನು ತಾವೇ ಬರಿದುಮಾಡಿ, ಕೆರೆಗಳ ನೀರು ಹರಿಯಬಿಟ್ಟು, ಮರಗಳನ್ನು ಕಡಿದು, ಶತ್ರುವಿನ ದಂಡಿಗೆ ಮೇವು ನೀರು ದೊರೆಯದಂತೆ ಮಾಡಿದ್ದರು. ಅರಸರು ಕಾದುವಾಗ ಬಯಲಿನಲ್ಲಿದ್ದುದೆಲ್ಲ ಹೋಗುವದು. ಒಕ್ಕಲಿಗನು ಆ ಪಾಠವನ್ನು ಬಲ್ಲವನಾದುದರಿಂದ ತನ್ನ ಜೋಳವನ್ನು ನೆಲದೊಳಗೆ ಇಟ್ಟನು.

ಹಗೇವಿನ ಯುಕ್ತಿಯು ನಿಜವಾಗಿಯೂ ಮೆಚ್ಚತಕ್ಕದ್ದು. ಗಟ್ಟಿ ನೆಲವನ್ನು ಹುಡುಕಿ, ಬಾಯಿ ಇಕ್ಕಟ್ಟಾಗಿಯೂ ಹೊಟ್ಟೆ ಅಗಲವಾಗಿಯೂ ಇರುವಂತೆ ಅಗೆದು, ಒಳಮೈಗೆ ಹುಲ್ಲು ಹೊಟ್ಟುಗಳನ್ನು ಒತ್ತಿ, ಜೋಳ ತುಂಬಿ, ಮೇಲೆ ಬಂಡೆಯಿಟ್ಟು ಮಣ್ಣು ಮುಚ್ಚಿದರೆ ಕಾಳು ವರುಷಗಟ್ಟಲೆ ಕೆಡದೆ ಉಳಿಯುವದು. ಬರಗಾಲಕ್ಕೆ ಆಧಾರವೆಂದೂ ದರೋಡೆಗೆ ತಡೆಯೆಂದೂ ಹಗೇವನ್ನು ಹೊಗಳುವವರು ಅದರ ಮೂರನೆಯ ಗುಣವನ್ನು ಮರೆಯುವರು: ಊರೇ ಉರಿದರೂ ಹಗೇವು ಉರಿಯದು. ಒಂದೇ ಎಚ್ಚರ ಬೇಕು. ಬಹುದಿನ ಮುಚ್ಚಿದ ಹಗೇವನ್ನು ತೆರೆದೊಡನೆ ಒಳಗಿಳಿಯಬಾರದು. ಕಾಳಿನ ಉಸಿರಿನಿಂದ ಕೆಟ್ಟ ಗಾಳಿಯು ಅದರಲ್ಲಿ ತುಂಬಿಕೊಂಡು ಇಳಿದವನ ಪ್ರಾಣವನ್ನು ಕ್ಷಣದಲ್ಲಿ ತೆಗೆಯುವದು. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ಹಗ್ಗದಲ್ಲಿ ದೀಪವನ್ನಿಳಿಸಿ ಅದು ಆರದಿರುವದನ್ನು ನೋಡಿಕೊಂಡೇ ಮನುಷ್ಯನು ಇಳಿಯತಕ್ಕದ್ದು.

ಮೇವಿಗೆ ಮಾತ್ರ ನೆಲದೊಳಗೆ ಎಡೆಯಿಲ್ಲ. ಕಣಿಕೆಯ ಬಣವೆಯು ಬಯಲಿನಲ್ಲಿಯೇ ನಿಲ್ಲಬೇಕು. ಅದಕ್ಕಾಗಿಯೇ ಬಣವೆಗಳನ್ನು ಮನೆಗಳಿಂದ ದೂರ, ಊರ ಹೊರಗಿನ ದೊಡ್ಡಿಯಲ್ಲಿ ಒಟ್ಟುವ ರೂಢಿ. ಎರಡು ಬಣವೆಗಳ ನಡುವೆ ಬಂಡಿ ಹಾಯುವಷ್ಟು ಎಡೆ ಬಿಡುವದು, ಸುತ್ತಲಿನ ಹುಲ್ಲನ್ನು ಕೆತ್ತಿಹಾಕುವದು, ಬೀಸುವ ಗಾಳಿಗೆ ಊರು ಮುಂದಾಗದಂತೆ ದೊಡ್ಡಿಯ ದಿಕ್ಕನ್ನು ಆರಿಸುವದು ತಿಳಿದವರ ಕ್ರಮ. ಬೆಂಕಿಕಡ್ಡಿ ಬರುವ ಮೊದಲು ಮನೆಮನೆಯಲ್ಲಿ ಕುಳ್ಳಿನ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಕಾಪಾಡುತ್ತಿದ್ದರು; ಆರಿಹೋದವರು ನೆರೆಮನೆಯಿಂದ ಕೆಂಡ ತರುತ್ತಿದ್ದರು. ಗಾಳಿಯ ಹೊತ್ತಿನಲ್ಲಿ ಕೆಂಡವನ್ನು ತೆರೆದ ಕೈಯಲ್ಲಿ ಒಯ್ಯಬಾರದೆಂದು ಹಿರಿಯರು ಗದರಿಸುತ್ತಿದ್ದುದು ಬರಿಯ ಮುದುಕರ ಹಟವಾಗಿರಲಿಲ್ಲ.

ಇಷ್ಟು ಓದಿದ ವಾಚಕರು, ಹಳೆಯದೆಲ್ಲ ಒಳ್ಳೆಯದೆಂದು ಹೇಳುವ ಇನ್ನೊಂದು ಲೇಖನವಿದೆಂದು ತಿಳಿದಾರು. ಹಾಗಲ್ಲ. ಮಣ್ಣಿನ ಮಾಳಿಗೆಗೆ ಒಂದು ದೊಡ್ಡ ದೋಷವುಂಟು, ಅದನ್ನು ಮುಚ್ಚಿಟ್ಟರೆ ಸತ್ಯಕ್ಕೆ ಕುಂದು. ೨೦೦೯ರ ಸೆಪ್ಟೆಂಬರದ ಕೊನೆಯಿಂದ ಅಕ್ಟೋಬರದ ಮೊದಲ ದಿನಗಳ ತನಕ ಬಡಗಣ ಕರ್ನಾಟಕದ ಮೇಲೆ ಎಡೆಬಿಡದೆ ಸುರಿದ ಮಳೆಯಲ್ಲಿ ರಾಜ್ಯದಲ್ಲಿ ೨೦೦ಕ್ಕೂ ಮೀರಿ ಜನರು ಮಡಿದರು. ಡೋಣಿಯು ದಡ ಮೀರಿತು. ನೀರು ಕುಡಿದ ಮಾಳಿಗೆಯ ಮಣ್ಣು ಭಾರವಾಗಿ, ನೆನೆದ ಗೋಡೆಗಳು ಅದನ್ನು ಹೊರಲಾರದೆ, ಮನೆಗಳು ಸಾವಿರಗಟ್ಟಲೆ ಕುಸಿದವು. ಗಾಳಿಗೂ ಕಿಚ್ಚಿಗೂ ಅಂಜದ ಅದೇ ಮಣ್ಣು, ಮಲಗಿದವರ ಮೇಲೆ ಬಿದ್ದಿತು. ತರುವಾಯ ಸರಕಾರವು ಆಸರೆಯೆಂಬ ಯೋಜನೆಯಿಂದ ಹೊಸ ಮನೆಗಳನ್ನು ಕಟ್ಟಿಸಿತು. ಜಂತಿಗೆ ಬೇಕಾದ ಮರವು ತುಟ್ಟಿಯಾಗಿ, ಮುದ್ದೆ ಬಡಿಯುವ ಕೈಗಳು ಕಡಮೆಯಾಗಿ, ಕೈಯಲ್ಲಿ ಹಣವುಳ್ಳವರು ಕಾಂಕ್ರೀಟಿನ ಛಾವಣಿಗೂ ಇಲ್ಲದವರು ತಗಡಿಗೂ ತಿರುಗಿದರು. ಆಲಮಟ್ಟಿಯ ಆಣೆಕಟ್ಟಿಗೆ ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಮೇಲೆ, ಕ್ರಮೇಣ ನೀರು ನಿಂತಂತೆ, ಬಾಗೇವಾಡಿ ಮುದ್ದೇಬಿಹಾಳಗಳ ಕೃಷ್ಣೆಯ ದಂಡೆಯ ಹಲವು ಊರುಗಳವರು ತಲೆತಲಾಂತರದ ಮಾಳಿಗೆಗಳನ್ನು ಬಿಟ್ಟು ಪುನರ್ವಸತಿಯ ನೆಲೆಗಳಿಗೆ ಹೋಗಬೇಕಾಯಿತು. ಹೊಸ ಜಾಗದಲ್ಲಿ ಬೇಗನೆ ನೆರಳಾಗುವದು ತಗಡೇ.

ತಗಡಿನ ಮನೆಯಲ್ಲಿ ಹಳೆಯ ಹಳ್ಳಿಯವರು ಕಂಡರಿಯದ ಒಂದು ಅಪಾಯ ಬಂದಿತು. ಗಾಳಿಯು ತಗಡನ್ನು ಕೆಳಕ್ಕೆ ಒತ್ತುವದೆಂದು ಜನರು ತಿಳಿದಿರುವರು. ನಿಜವಾಗಿ ಅದು ಮೇಲಕ್ಕೆ ಎಳೆಯುವದು. ಛಾವಣಿಯ ಮೇಲೆ ಬಿರುಸಾಗಿ ಹಾಯುವ ಗಾಳಿಯ ಒತ್ತಡ ಕಡಮೆ, ತೆರೆದ ಬಾಗಿಲಿನಿಂದ ಒಳಗೆ ತುಂಬಿದ ಗಾಳಿಯ ಒತ್ತಡ ಹೆಚ್ಚು. ಎರಡೂ ಕೂಡಿ ತಗಡನ್ನು ಹಪ್ಪಳದಂತೆ ಎತ್ತಿಬಿಡುವವು. ಹಾರಿದ ತಗಡು ಕತ್ತಿಯೇ ಸರಿ. ಅದು ಹಾರಬಾರದೆಂದು ಬಡವರು ಮೇಲೆ ಕಲ್ಲುಗಳನ್ನು ಹೇರುವರು. ಇದರಂಥ ಕೇಡು ಇನ್ನೊಂದಿಲ್ಲ. ತಗಡು ಎದ್ದಾಗ ಆ ಕಲ್ಲುಗಳು ಉರುಳಿ ಕೆಳಗೆ ಮಲಗಿದ ಮಕ್ಕಳ ಮೇಲೆಯೇ ಬೀಳುವವು. ಬಿರುಗಾಳಿಯ ಸಾವುಗಳಲ್ಲಿ ಗಾಳಿಯು ನೇರವಾಗಿ ಕೊಂದುದು ಅತ್ಯಲ್ಪ. ಬಿದ್ದ ಗೋಡೆ, ಉರುಳಿದ ಕಲ್ಲು, ಹಾರಿದ ತಗಡು, ಮುರಿದ ಮರ, ಹರಿದ ತಂತಿ ಇವೇ ಕೊಲ್ಲುವವು. ತಗಡನ್ನು ಕೊಕ್ಕೆಯ ಬೋಲ್ಟುಗಳಿಂದ ಅಡ್ಡತೊಲೆಗೆ ಬಿಗಿದು, ಅಡ್ಡತೊಲೆಯನ್ನು ಗೋಡೆಯೊಳಗೆ ಹುಗಿದ ಕಬ್ಬಿಣಕ್ಕೆ ಕಟ್ಟಿದರೆ ಒಂದೂ ಕಲ್ಲು ಬೇಕಾಗದು. ಅಷ್ಟು ಸಾಧ್ಯವಿಲ್ಲದವರು ಛಾವಣಿಯ ಮೇಲಿಂದ ಹಗ್ಗವನ್ನು ಹಾಯಿಸಿ, ಎರಡೂ ತುದಿಗಳನ್ನು ನೆಲದ ಗೂಟಕ್ಕೆ ಬಿಗಿಯಬೇಕು. ಧೂಳಿಯ ಗೋಡೆ ಕಂಡೊಡನೆ ಗಾಳಿ ಬರುವ ದಿಕ್ಕಿನ ಬಾಗಿಲನ್ನು ಮೊದಲು ಹಾಕಬೇಕು, ಒಲೆಗೆ ನೀರು ಹೊಯ್ಯಬೇಕು, ಮಕ್ಕಳನ್ನು ಗಟ್ಟಿಮುಟ್ಟಾದ ಮನೆಗೆ, ಶಾಲೆಗೆ ಅಥವಾ ಗುಡಿಗೆ ಸಾಗಿಸಬೇಕು. ಹೊರಗೆ ಒಣಹಾಕಿದ ಹಪ್ಪಳ ಸಂಡಿಗೆಗಳನ್ನು ತರಲು ಆಮೇಲೆ ಓಡುವವರ ಸಂಖ್ಯೆ ಪ್ರತಿವರ್ಷವೂ ಕಡಮೆಯಿಲ್ಲ.

ಆಲಿಕಲ್ಲಿನ ಮಾತು ಮೇಲೆ ಬಂದಿತ್ತು. ಸಂಸ್ಕೃತದಲ್ಲಿ ಇದಕ್ಕೆ ಕರಕವೆಂದು ಹೆಸರು. ಮೇಘದೂತದ ಮೋಡವೂ ಕರಕಗಳನ್ನು ಸುರಿಸುವದು. ಬಿಸಿಗಾಳಿಯು ಮೋಡದೊಳಗೆ ನೀರಹನಿಗಳನ್ನು ಮೇಲಕ್ಕೆಸೆದು ಹೆಪ್ಪುಗಟ್ಟಿಸಿ, ಬಿದ್ದುದನ್ನು ಮತ್ತೆ ಎತ್ತಿ, ಪದರದ ಮೇಲೆ ಪದರ ಕೂಡಿಸುವದು. ಗಾಳಿಯು ಹೊರಲಾರದಷ್ಟು ಭಾರವಾದಾಗ ಅದು ನೆಲಕ್ಕೆ ಬೀಳುವದು. ೨೦೧೪ರ ಫೆಬ್ರುವರಿಯ ಕೊನೆ ಹಾಗೂ ಮಾರ್ಚಿಯಲ್ಲಿ ಮಹಾರಾಷ್ಟ್ರದಿಂದ ಬಡಗಣ ಕರ್ನಾಟಕದ ತನಕ ಬಿದ್ದ ಆಲಿಕಲ್ಲು ಜೋಳ, ಕಡಲೆ, ದ್ರಾಕ್ಷಿಗಳನ್ನು ಕೊಯ್ಲಿನ ಹೊತ್ತಿಗೆ ಸರಿಯಾಗಿ ಹಾಳುಮಾಡಿತು. ಇಂಡಿಯ ಲಿಂಬೆಯ ತೋಟಗಳಿಗೂ ಬಿರುಗಾಳಿಯೆಂದರೆ ಕಾಯುದುರುವ ಭಯ. ಹೊಲದಲ್ಲಿ ಸಿಕ್ಕಿಬಿದ್ದವನು ಬುಟ್ಟಿಯಾಗಲಿ ಮಡಿಸಿದ ಕಂಬಳಿಯಾಗಲಿ ತಲೆಯ ಮೇಲಿಟ್ಟುಕೊಂಡು ಕುಳಿತುಕೊಳ್ಳಬೇಕು; ಮರದಡಿಗೆ ಓಡಬಾರದು. ಏಕೆಂದರೆ ಆಲಿಕಲ್ಲಿನ ಮೋಡದಲ್ಲಿ ಸಿಡಿಲೂ ಇರುವದು, ಬಯಲಿನಲ್ಲಿ ಒಂಟಿಯಾಗಿ ನಿಂತ ಬೇವಿನ ಮರವನ್ನೇ ಸಿಡಿಲು ಹುಡುಕಿಕೊಂಡು ಬರುವದು.

ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳುವ ಪದ್ಧತಿಯನ್ನು ನವೀನರು ನಗುವರು. ಆ ಹೆಸರುಗಳಿಗೆ ಸಿಡಿಲನ್ನು ತಡೆಯುವ ಬಲವಿದೆಯೆಂದು ಹೇಳುವದು ಕಷ್ಟವೇ. ಆದರೆ ಅಜ್ಜಿಯ ಬಳಿ ಒಳಮನೆಯಲ್ಲಿ ಕುಳಿತು ಹತ್ತು ಹೆಸರುಗಳನ್ನು ಹತ್ತು ಸಲ ಹೇಳಿದ ಹುಡುಗನು ಅಷ್ಟು ಹೊತ್ತು ಅಂಗಳಕ್ಕೆ ಹೋಗಿರಲಿಲ್ಲವೆಂಬುದು ನಿಶ್ಚಯ. ಇಂದಿನ ಎಣಿಕೆಯು ಬೇರೆ: ಮಿಂಚು ಕಂಡಾಗಿನಿಂದ ಗುಡುಗು ಕೇಳುವ ತನಕ ಎಣಿಸಬೇಕು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು ದೂರ. ಎಣಿಕೆಯು ೩೦ಕ್ಕಿಂತ ಕಡಮೆಯಾದರೆ ಒಳಗೆ ಸೇರಬೇಕು. ಕೊನೆಯ ಗುಡುಗಿನ ಮೇಲೆ ೩೦ ನಿಮಿಷ ಹೊರಬೀಳಬಾರದು. ಬಯಲಿನಲ್ಲಿ ಗತಿಯಿಲ್ಲದವನು ತಗ್ಗಿನಲ್ಲಿ ಪಾದಗಳನ್ನು ಜ��ಡಿಸಿ ಕುಕ್ಕುರುಗಾಲಿನಲ್ಲಿ ಕೂಡಬೇಕು, ಅಂಗಾತ ಮಲಗಬಾರದು. ಕುರಿ ಕಾಯುವವರು ಒಬ್ಬರಿಗೊಬ್ಬರು ಅಂಟಿ ನಿಲ್ಲಬಾರದು. ಹಿಂದೆ ಊರ ತಳವಾರನು ಡಂಗುರ ಸಾರುವನು. ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬವು ಅಂಗೈಯೊಳಗಿನ ಫೋನಿಗೇ ಸುದ್ದಿ ತರುವವು. ಆದರೆ ಫೋನಿಲ್ಲದೆ ಹೊಲದಲ್ಲಿ ಕಳೆ ಕೀಳುತ್ತಿರುವ ಹೆಂಗಸರಿಗೆ ಆ ಸುದ್ದಿಯನ್ನು ಕೂಗಿ ಹೇಳುವವನು ಇನ್ನೂ ಬೇಕು.

ಕಿಚ್ಚಿನ ಬಗೆಯೂ ಮಾರ್ಪಟ್ಟಿದೆ. ಕಾಲುವೆಯ ನೀರು ಬಂದ ಕಡೆ ಜೋಳದ ಹೊಲಗಳು ಕಬ್ಬಿನ ಹೊಲಗಳಾದವು. ಕಟಾವಿಗೆ ಬಂದ ಕಬ್ಬಿನ ಕೆಳಗೆ ಒಣರವದಿಯು ಮೊಣಕಾಲುದ್ದ ಬಿದ್ದಿರುವದು. ಮೇಲೆ ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿಸುವವು. ಹಿಂದೆ ಒಂದು ಬಣವೆ ಉರಿಯುತ್ತಿದ್ದರೆ ಈಗ ಹತ್ತು ಎಕರೆ ಒಮ್ಮೆಲೆ ಉರಿಯುವವು. ಅಗ್ನಿಶಾಮಕದ ಬಂಡಿಯು ತಾಲೂಕಿನ ಊರಿನಿಂದ ಬರತಕ್ಕದ್ದು. ಎಷ್ಟು ಬೇಗ ೧೧೨ಕ್ಕೆ ಕರೆ ಮಾಡಿದರೂ ಬೀಸುಗಾಳಿಯ ಕಿಚ್ಚು ಅದಕ್ಕಿಂತ ಬೇಗ ನಡೆಯುವದು. ಆದುದರಿಂದ ಎಲ್ಲಕ್ಕೂ ಮೊದಲು ಹೊಲದ ಸುತ್ತ ನಾಲ್ಕು ಸಾಲು ನೇಗಿಲು ಹೊಡೆದು ಬರಿಮಣ್ಣಿನ ಪಟ್ಟಿಯನ್ನು ಮಾಡಿಟ್ಟುಕೊಂಡವನೇ ಜಾಣ. ಗಾಳಿಯ ದಿನ ರವದಿ ಸುಡುವದು ನೆರೆಯವನಿಗೆ ಮಾಡುವ ದ್ರೋಹ. ಸುಡದೆ ಸಾಲಿನಲ್ಲಿಯೇ ಕೊಳೆಯಿಸಿದರೆ ನೆಲಕ್ಕೂ ಲಾಭ. ಕಿಚ್ಚಿಗೆ ಸಿಕ್ಕವನು ಗಾಳಿಯ ಮುಂದೆ ಓಡಬಾರದು, ಅಡ್ಡಲಾಗಿ ಓಡಬೇಕು. ಉತ್ತ ಹೊಲವನ್ನೋ ಆಗಲೇ ಸುಟ್ಟು ಕರಿಯಾದ ನೆಲವನ್ನೋ ಸೇರಬೇಕು. ಮೈಗೆ ಕುರಿಯ ಉಣ್ಣೆಯ ಕಂಬಳಿ ಒಳ್ಳೆಯದು, ಅದು ಬೇಗ ಹತ್ತಿಕೊಳ್ಳುವದಿಲ್ಲ. ಕೃತಕ ನೂಲಿನ ಸೀರೆ ಅಂಗಿಗಳು ಕರಗಿ ಮೈಗೆ ಅಂಟುವವು. ಸಣ್ಣ ಕಿಚ್ಚನ್ನು ಬಡಿಯಲು ನೀರಲ್ಲಿ ನೆನೆಸಿದ ಕೌದಿಯಷ್ಟು ಒಳ್ಳೆಯ ಸಾಧನವನ್ನು ಕೌಟಿಲ್ಯನೂ ಹೇಳಿಲ್ಲ. ಕೊಟ್ಟಿಗೆಗೆ ಹತ್ತಿಕೊಂಡರೆ ದನಗಳ ಹಗ್ಗವನ್ನು ಬಿಚ್ಚುತ್ತ ಕೂಡಬಾರದು, ಕುಡುಗೋಲಿನಿಂದ ಕತ್ತರಿಸಬೇಕು. ಆ ಕುಡುಗೋಲು ಬಾಗಿಲ ಬಳಿಯ ಗೂಟದಲ್ಲಿ ಸದಾ ತೂಗುತ್ತಿರಬೇಕು.

ಕಣದಲ್ಲಿಯೂ ಹಂತಿಯ ಎತ್ತುಗಳು ಬಹುಮಟ್ಟಿಗೆ ಹೋಗಿ ರಾಶಿಯ ಯಂತ್ರಗಳು ಬಂದಿವೆ. ತೂರುವವನು ಈಗ ಗಾಳಿಗಾಗಿ ಕಾಯಬೇಕಿಲ್ಲ, ಯಂತ್ರವೇ ಗಾಳಿ ಹಾಕುವದು. ಆದರೆ ಟ್ರ್ಯಾಕ್ಟರಿನ ಹೊಗೆಕೊಳವೆಯಿಂದ ಕಿಡಿಗಳೂ ಬರುವವು, ಯಂತ್ರದ ಬಾಯಿಂದ ಒಣಹೊಟ್ಟೂ ಬರುವದು. ಯಂತ್ರವನ್ನು ನಿಲ್ಲಿಸುವ ಮೊದಲು ಒಂದು ಹಿಡಿ ಹೊಟ್ಟನ್ನು ಮೇಲಕ್ಕೆ ತೂರಿ ಗಾಳಿಯು ಯಾವ ಕಡೆಗೆ ಒಯ್ಯುವದೆಂದು ನೋಡಬೇಕು. ಹೊಟ್ಟಿನ ಗುಡ್ಡೆಯೂ ಬಣವೆಯೂ ಗಾಳಿಯ ಹಿಂದೆ, ಹೊಗೆಕೊಳವೆಯು ಗಾಳಿಯ ಮುಂದೆ ಇರುವಂತೆ ಟ್ರ್ಯಾಕ್ಟರನ್ನು ತಿರುಗಿಸಬೇಕು. ಕಣದ ಮೂಲೆಯಲ್ಲಿ ಎರಡು ಪೀಪಾಯಿ ನೀರು, ಒಂದು ಕೌದಿ, ಒಂದು ಸಲಿಕೆ. ಬೀಡಿ ಸೇದುವವರು ಮಡ್ಡಿಯ ಆಚೆಗೆ ಹೋಗಿ ಸೇದಿ, ಮಣ್ಣಿನಲ್ಲಿ ಹೊಸಕಿ ಬರತಕ್ಕದ್ದು.